ತಾತನ ಕೋಟಿನ ಬಿಳಿ ದಾರ

ತಾರೀಖು ೧೨, ಗುರುವಾರ

ಪ್ರೀತಿಯ ಅಕ್ಕನಿಗೆ,

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ತಪ್ಪುಗಳೂ ಇರುತ್ತವೆ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು ಬರೆದದ್ದು ಎಂದು ಹೊಟ್ಟೆಗೆ ಹಾಕಿಕೊಂಡು ಓದು. ನಿನ್ನ ಕಾಗದ ಬಂದು ತಿಂಗಳಾಯಿತು. ಕೆಲಸ ಜಾಸ್ತಿ ಇತ್ತು ಎನ್ನಬಹುದು, ಆದರೆ ಅದು ಪೂರ್ತಿ ನಿಜವಲ್ಲ. ಅಪ್ಪನ ಕೆಮ್ಮು ಕಡಿಮೆಯಾಗಿದೆ. ಅಂಗಡಿಯಲ್ಲಿ ಸಮವಸ್ತ್ರದ ರಾಶಿ ಬಿದ್ದಿದೆ. ಅಪ್ಪ ಕತ್ತರಿಸಿ ಕೊಡುತ್ತಾರೆ, ನಾನು ಹೊಲಿಯುತ್ತೇನೆ.

ಯುದ್ಧಕ್ಕೆ ಹೋದವರ ಹೆಸರುಗಳನ್ನು ಶಾಲೆಯ ಮುಂದೆ ಕಲ್ಲಿನಲ್ಲಿ ಕೆತ್ತಿಸುತ್ತಿದ್ದಾರೆ. ಹೆಸರಿನ ಕೆಳಗೆ ಅವರು ಅಲ್ಲಿ ಏನಾಗಿದ್ದರು ಎಂಬುದನ್ನು ಮನೆಯವರೇ ಬರೆದುಕೊಡಬೇಕು. ತಾತ ಫಿರಂಗಿ ದಳದಲ್ಲಿದ್ದರು ಎಂದು ಬೀದಿಗೆಲ್ಲ ಹೇಳಿಕೊಂಡು ಬಂದವರು ನಾವು; ನೀನೂ ನಿನ್ನ ಅತ್ತೆಯ ಮುಂದೆ ಹೇಳಿದ್ದೀಯ. ಸರಿಯಾಗಿ ವಿಚಾರಿಸಿಯೇ ಬರೆಯೋಣ ಎಂದು ಅಪ್ಪ ನನ್ನನ್ನು ಕರೆದುಕೊಂಡು ಸೈನ್ಯದ ದಾಖಲೆ ಕಚೇರಿಗೆ ಹೊರಟರು. ತಾತನ ಬಿಡುಗಡೆ ಚೀಟಿಯ ಹರಿದುಳಿದ ಅರ್ಧವನ್ನೂ, ಅಂಗಡಿಯ ಗೋಡೆಯ ಚೌಕಟ್ಟಿನಿಂದ ಬಿಡಿಸಿದ, ಸೈನ್ಯದ ಕೋಟು ತೊಟ್ಟ ಅವರ ಫೋಟೊವನ್ನೂ ಒಯ್ದೆವು.

ಗುಮಾಸ್ತರು ಕಡತ ತಂದು ಬೆರಳಿಟ್ಟು ಓದಿದರು. "ದರ್ಜಿ ಅಂತಿದೆ. ಯುದ್ಧ ನಡೀತಿದ್ದ ಜಾಗದ ತನಕ ಪಡೆ ಜೊತೆ ಹೋಗಿದ್ದಾರೆ. ಗಾಯ ಆದವರ, ಸತ್ತವರ ಕೋಟು ರಿಪೇರಿ ಮಾಡಿ ಹೊಸಬರಿಗೆ ಕೊಡೋ ಕೆಲಸ."

"ಮತ್ತೆ ಫೋಟೊದಲ್ಲಿ ಪಟ್ಟಿ, ಬಿಲ್ಲೆ ಎಲ್ಲ ಇದೆಯಲ್ಲ ಸಾರ್?"

"ಕೋಟು ಯಾರದೋ ಏನೋ, ಬೆಳಕಿಗೆ ಹಿಡಿದು ನೋಡಮ್ಮ."

ಹಿಡಿದೆ. ಕಾಲರಿನ ಅಂಚಿಗೆ, ತೋಳಿನ ಸುತ್ತ ಬಿಳಿ ದಾರದ ಕಚ್ಚಾ ಹೊಲಿಗೆ. ಯಂತ್ರಕ್ಕೆ ಕೊಡುವ ತನಕ ಬಟ್ಟೆ ಜಾರದಿರಲಿ ಎಂದು ನಾವು ದಿನವೂ ಹಾಕಿ, ದಿನವೂ ಕೀಳುವ ದಾರ. ಇನ್ನಾರದೋ ಅರೆ ಹೊಲಿದ ಕೋಟು ತೊಟ್ಟು ತಾತ ಎದೆ ಉಬ್ಬಿಸಿ ನಿಂತಿದ್ದರು. ಆ ಫೋಟೊದ ಕೆಳಗೇ ಕೂತು ಹೊಲಿಯುವ ನನ್ನ ಕಣ್ಣಿಗೆ ಅದು ಒಂದು ದಿನವೂ ಬಿದ್ದಿರಲಿಲ್ಲ.

"ಗುಂಡು ಹಾರಿಸ್ಲಿಲ್ಲ ಬಿಡಿ, ಗುಂಡಿ ಹೊಲಿದ್ರು" ಎಂದರು ಸಾಲಿನಲ್ಲಿದ್ದ ಒಬ್ಬರು. ಎಲ್ಲರೂ ನಕ್ಕರು.

ತಾತ ಹಳೇ ಕೋಟಿನ ತೂತು ಮುಚ್ಚುವ ಕೆಲಸವನ್ನು ಯಾಕೆ ಮುಟ್ಟುತ್ತಿರಲಿಲ್ಲ ಎಂಬುದು ವಾಪಸು ಬರುವಾಗ ಹೊಳೆಯಿತು. "ತೇಪೆ ಕೆಲಸ ಬೇರೆ ಕಡೆ ಕೊಡಿ" ಎಂದು ಗಿರಾಕಿಗಳನ್ನು ಕಳಿಸಿಬಿಡುತ್ತಿದ್ದರಲ್ಲ. ಅಪ್ಪನಿಗೆ ಹೇಳಬೇಕೆನಿಸಿತು. ಅವರು ಬಸ್ಸಿನ ಕಿಟಕಿಯ ಕಡೆ ತಿರುಗಿ ಕೂತಿದ್ದರು.

ಭಾವನವರಿಗೆ ನಮಸ್ಕಾರ ಹೇಳು. ನಿನ್ನ ಮಕ್ಕಳು ಆಯುಸ್ಸು, ಬುದ್ಧಿ ಎರಡರಲ್ಲೂ ನಮ್ಮನ್ನು ಮೀರಲಿ.

ನಿನ್ನ
ಪುಟ್ಟಿ

ಬರೆಯದೆ ಬಿಟ್ಟದ್ದು: ಮರೆತು ಬಿಟ್ಟದ್ದಲ್ಲ ಅಕ್ಕ, ಕೈ ಬರಲಿಲ್ಲ. ಆ ನಗುವಿನ ಮಧ್ಯೆ ಗುಮಾಸ್ತರು ತಾತನ ಫೋಟೊ ತೋರಿಸಿ, "ಇವರು ನಿಮಗೇನಾಗಬೇಕಮ್ಮ?" ಎಂದು ಕೇಳಿದರು. "ಏನೂ ಆಗಬೇಕಿಲ್ಲ, ನಮ್ಮ ಬೀದಿಯವರು" ಎಂದುಬಿಟ್ಟೆ. ಅಪ್ಪ ಪಕ್ಕದಲ್ಲೇ ನಿಂತಿದ್ದರು. ಅವಸರದಲ್ಲಿ ಹೊರಟವರು ಕೊರಳಿನ ಅಳತೆ ಪಟ್ಟಿ ತೆಗೆಯುವುದನ್ನೇ ಮರೆತಿದ್ದರು. ನನ್ನ ಮುಖ ನೋಡಿ, ಗುಮಾಸ್ತರಿಗೆ ಮೆಲ್ಲಗೆ, "ಹೌದು ಸಾರ್, ಬೀದಿಯವರೇ" ಎಂದರು. ನನ್ನ ಮಾತು ಉಳಿಸಲು ತಮ್ಮ ಅಪ್ಪನನ್ನು ಬಿಟ್ಟುಕೊಟ್ಟರು.

ಊಟಕ್ಕೆ ಕರೆಯುತ್ತಾರೆ, ಕೆಲಸ ಹೇಳುತ್ತಾರೆ, ಬೈಯುವುದಿಲ್ಲ. ಬೈದಿದ್ದರೆ ವಾಸಿಯಿತ್ತು. ಇವತ್ತು ಬೆಳಿಗ್ಗೆ ಅವರು ಏಳುವ ಮುಂಚೆ ಕಲ್ಲು ಕೆತ್ತುವವರ ಬಳಿ ಹೋಗಿ, ತಾತನ ಹೆಸರಿನ ಕೆಳಗೆ 'ದರ್ಜಿ' ಎಂದು ಬರೆದುಕೊಟ್ಟು ಬಂದೆ.