ಕದ್ದ ಬಳ್ಳಿಯ ಏಳು ಮೊಟ್ಟೆ

ಜುಲೈ ೧೨, ಭಾನುವಾರ

ಚಿಟ್ಟೆಗಳ ಡಾಕ್ಟರಮ್ಮನಿಗೆ, ಅಂದರೆ ನನ್ನ ಪುಟ್ಟಿಗೆ,

ನಿನ್ನ ತಂದೆ ಕಳ್ಳ. ಯಾರ ಒತ್ತಡಕ್ಕೂ ಮಣಿಯದೆ, ಸ್ವಸ್ಥಚಿತ್ತದಿಂದ ಒಪ್ಪಿಕೊಳ್ಳುತ್ತಿದ್ದೇನೆ. ಎರಡು ತಿಂಗಳ ಹಿಂದೆ ಕ್ಲಬ್ಬಿನ ಗೇಟಿನಿಂದ ಒಂದು ಮೊಳ ಬಳ್ಳಿ ಕತ್ತರಿಸಿ, ಕೊಡೆಯೊಳಗೆ ಅಡಗಿಸಿ ತಂದೆ. ವಾಚ್‌ಮನ್ ಸಲ್ಯೂಟ್ ಹೊಡೆದ, ನಾನೂ ಹೊಡೆದೆ. ಪತ್ರ ತಡವಾದದ್ದಕ್ಕೆ ಕ್ಷಮೆಯಿರಲಿ. ಕದ್ದ ಮಾಲು ಚಿಗುರುವ ತನಕ ಬರೆಯಲು ಧೈರ್ಯವಾಗಲಿಲ್ಲ.

ನೀನು ನನ್ನ ಫೋನ್ ಎತ್ತದೆ ನಾಲ್ಕು ತಿಂಗಳಾಯಿತು. ತಪ್ಪು ನನ್ನದೇ. ಹೊನ್ನರೆಕ್ಕೆ ಚಿಟ್ಟೆಯ ಮರಿಹುಳು ಹೊಳೆದಂಡೆಯ ಈಶ್ವರಿ ಬಳ್ಳಿ ಬಿಟ್ಟು ಬೇರೇನೂ ತಿನ್ನುವುದಿಲ್ಲವೆಂದು ನೀನು ಹೇಳಿಯೇ ಇದ್ದೆ. ಆದರೂ ವಾಕಿಂಗ್ ದಾರಿಗಾಗಿ ಅದನ್ನು ಕಳೆಯೆಂದು ಕೀಳಿಸುವ ಕಾಗದಕ್ಕೆ, ನಗರದ ಉದ್ಯಾನಗಳ ಮುಖ್ಯಸ್ಥನಾದ ನಾನು ಸಹಿ ಹಾಕಿದೆ. “ಅಪ್ಪಾ, ಕುಂಡದಲ್ಲಿ ಇಲ್ಲದ್ದೆಲ್ಲ ನಿನಗೆ ಕಳೆನೇ ಅಲ್ವಾ” ಅಂದವಳು ಬ್ಯಾಗ್ ಎತ್ತಿಕೊಂಡು ಹೊರಟುಬಿಟ್ಟೆ. ಅಂದು ನೀನು ನನ್ನ ತಲೆಗೆ ಬಿಟ್ಟ ಹುಳ ಇನ್ನೂ ಕೊರೆಯುತ್ತಿದೆ.

ಅದಕ್ಕೇ ಈ ಕಳ್ಳತನ. ಕ್ಲಬ್ಬಿನ ಗೇಟಿಗೆ ಹಬ್ಬಿದ್ದದ್ದು ಅದೇ ಈಶ್ವರಿ. ಬಳ್ಳಿಯನ್ನು ಬಾಲ್ಕನಿಯ ಕಂಬಿಗೆ ಹಬ್ಬಿಸಿದೆ. ಬಟ್ಟೆ ಒಣಹಾಕುವ ಜಾಗ ಕಳೆದುಕೊಂಡ ನಿನ್ನಮ್ಮ, ಈ ಮನೆಯಲ್ಲಿ ಹುಳಕ್ಕಿರುವ ಮರ್ಯಾದೆ ಹೆಂಡತಿಗಿಲ್ಲ ಎಂದಳು. ನಮ್ಮ ಹಳೇ ಮಾಲಿ ಎಲೆ ಮುಟ್ಟಿ ನೋಡಿ, ಈಶ್ವರಿಯ ಎಲೆ ಉದ್ದವಲ್ಲವೇ, ಇದು ದುಂಡಗಿದೆಯಲ್ಲ ಎಂದು ರಾಗ ಎಳೆದ. ಮೂವತ್ತು ವರ್ಷ ಗಿಡಗಳ ಜೊತೆ ಬಾಳಿದವನಿಗೆ ಎಲೆಯ ಪಾಠವೇ ಎಂದು ಬಾಯಿ ಮುಚ್ಚಿಸಿದೆ. ಚಿಟ್ಟೆ ನನ್ನ ಪರವೇ ತೀರ್ಪು ಕೊಟ್ಟಿತು. ಮೊನ್ನೆ ಅಂಗೈಯಗಲದ ಕಪ್ಪು-ಹಳದಿ ತಾಯಿಯೊಂದು ಬಂದು, ಎಲೆಯಡಿ ಏಳು ಮೊಟ್ಟೆಯಿಟ್ಟು ಹೋಯಿತು. ಒಂದು ಇಲಾಖೆಯೇ ಸೇರಿ ಕಿತ್ತದ್ದನ್ನು ನಿನ್ನಪ್ಪ ಒಬ್ಬನೇ ನೆಟ್ಟ! ರಜೆ ಹಾಕಿ ಬಂದು ನೋಡು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಎಲ್ಲಿದ್ದರೂ ಸುಖವಾಗಿರು, ಮಗಳೇ.

ನಿನ್ನ
ಕಳೆ ಕೀಳುವ ಅಪ್ಪ

ತಾ.ಕ.: ಅಂಟಿಸಿದ ಲಕೋಟೆ ಒಂದು ವಾರ ಮೇಜಿನ ಮೇಲೇ ಇತ್ತು. ಈಗ ಹರಿದು ಇಷ್ಟು ಸೇರಿಸುತ್ತಿದ್ದೇನೆ. ಮೊಟ್ಟೆ ಒಡೆದವು. ಮರಿಗಳು ಒಂದೆರಡು ತುತ್ತು ತಿಂದು ಸತ್ತವು, ಏಳೂ. ಇದು ಹೂವಿನ ಚೆಂದಕ್ಕೆಂದು ಹೊರದೇಶದಿಂದ ತಂದ ಬಳ್ಳಿಯಂತೆ. ಈಶ್ವರಿಯ ನಂಟಸ್ತಿಕೆಯದೇ, ಅದಕ್ಕೇ ತಾಯಿ ಮೋಸಹೋಗಿ ಮೊಟ್ಟೆಯಿಡುತ್ತದೆ. ಎಲೆ ಮರಿಗೆ ವಿಷ. ಇಂಥದ್ದನ್ನು ಈ ಊರಿಗೆ ತಂದ ಪುಣ್ಯಾತ್ಮ ಯಾರು ಎಂದು ಮಾಲಿಯನ್ನು ಕೇಳಿದೆ. ಅವನು ನೆಲ ನೋಡಿದ.

“ನೀವೇ ಸಾರ್. ಕೆಲಸಕ್ಕೆ ಸೇರಿದ ವರ್ಷ. ಈಗ ಎಂಟು ಪಾರ್ಕಲ್ಲಿದೆ.”

ಬಾ ಪುಟ್ಟಿ. ನನಗೆ ಎಲೆ ಗುರುತಿಸಲು ಬರುವುದಿಲ್ಲ.