ಇಸ್ತ್ರಿಯಾಗಿ ಬಂದ ಅಂಗಿ

ಅಣ್ಣಾ, ನಿನ್ನ ನಂಬರ್ ಈಗ ಬೇರೆ ಯಾರದ್ದೋ ಆಗಿದೆ, ಅದಕ್ಕೇ ಇದನ್ನ ಕಳಿಸಲ್ಲ. ಸುಮ್ನೆ ಫೋನಿಗೆ ಹೇಳ್ಕೋತಿದ್ದೀನಿ.

ನಮ್ಮ ದಾನದ ಅಂಗಡಿಯ ಹಿಂದಿನ ಕೋಣೆ ಗೊತ್ತಲ್ಲ, ಜನ ಕೊಟ್ಟ ಹಳೇ ಬಟ್ಟೆ ಆರಿಸೋ ಜಾಗ. ಮಾರೋಕೆ ಆಗದ್ದನ್ನ ಯಂತ್ರದಲ್ಲಿ ಒತ್ತಿ ಮೂಟೆ ಕಟ್ತೀವಿ. ಲಾರಿ ಬಂದು ಒಯ್ಯುತ್ತೆ, ಚಿಂದಿ ಮಾಡಿ ಹಾಸಿಗೆಗೆ ತುಂಬ್ತಾರೆ. ಇವತ್ತು ಆ ರಾಶಿಯಲ್ಲಿ ನಿನ್ನ ಅಂಗಿ ಸಿಕ್ತು. ಹೋದ ವರ್ಷ ಮನೆ ಬಿಟ್ಟು ಹೋದಾಗ ಹಾಕ್ಕೊಂಡಿದ್ದೆಯಲ್ಲ, ಅದೇ. ಹರಿದ ಜೇಬಿಗೆ ಅತ್ತಿಗೆ ಹಾಕಿದ್ದ ಹಸಿರು ದಾರದ ಹೊಲಿಗೆ ಹಾಗೇ ಇದೆ. ಆ ಚೀಲ ಬಾಗಿಲಲ್ಲಿ ಇಟ್ಟು ಹೋದೋರನ್ನ ಯಾರೂ ನೋಡಿಲ್ಲ.

ಪಕ್ಕದಲ್ಲಿ ಆರಿಸ್ತಿದ್ದ ಅಕ್ಕ ಒಬ್ಬರು ಇಣುಕಿ ನೋಡಿದ್ರು. "ಇಸ್ತ್ರಿ ಆಗಿದೆ, ಗುಂಡಿಯೆಲ್ಲ ಹಾಕಿದೆ. ತೀರಿಹೋದೋರದ್ದು ಕಣಪ್ಪಾ. ಬದುಕಿರೋರು ಮುದ್ದೆ ಮಾಡಿ ತುರುಕ್ತಾರೆ, ನಿನ್ನ ಮುಖದ ಥರ," ಅಂದ್ರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ಗುಂಡಿಯೆಲ್ಲ ಬಿಚ್ಚಿ, ಅಂಗೀನ ಮುದ್ದೆ ಮಾಡಿ, ಕಂಕುಳಲ್ಲಿಟ್ಟು ಮನೆಗೆ ತಂದೆ. ಅತ್ತಿಗೆ ಆ ಹೊಲಿಗೆ ಮೇಲೆ ಬೆರಳಾಡಿಸಿದ್ರು.

"ನೋಡಪ್ಪಾ, ಬಿಚ್ಚಿ ಬಿಸಾಕೋ ಬುದ್ಧಿ ನಿಮ್ಮಣ್ಣನಿಗೆ ಇನ್ನೂ ಹೋಗಿಲ್ಲ. ಎಲ್ಲೋ ಹತ್ತಿರದಲ್ಲೇ ಇದ್ದಾರೆ," ಅಂದ್ರು.

ಅದು ಇಸ್ತ್ರಿಯಾಗಿ ಬಂದಿತ್ತು ಅಂತ ನಾನು ಬಾಯಿ ಬಿಡಲಿಲ್ಲ. ಎಷ್ಟು ಮಾತಾಡೋನು ನಾನು, ನಿನಗೇ ಗೊತ್ತು.

ಈಗ ಒಳಗೆ ನಿನಗೂ ಒಂದು ತಟ್ಟೆ ಇಟ್ಟಿದ್ದಾರೆ. ಊಟಕ್ಕೆ ಬಾ ಅಂತ ನನ್ನ ಕರೀತಾನೇ ಇದ್ದಾರೆ, ನಾನಿನ್ನೂ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೀನಿ.