ಮುನಿಶಾಮಮ್ಮನವರ ಮಾತು ತಿದ್ದಿದ್ದು

ನಂಗಲಿ, ಮಂಗಳವಾರ

ಪ್ರೀತಿಯ ಚಿಕ್ಕಮ್ಮನಿಗೆ ವಾರಿಜಾಳ ನಮಸ್ಕಾರಗಳು.

ಆಂಧ್ರದ ಗಡಿಯ ಈ ಊರಿನಲ್ಲಿ ಜನರ ಮಾತು ರೆಕಾರ್ಡ್ ಮಾಡುವ ಕೆಲಸ ನಡೆದಿದೆ. ನಾನಿರುವ ಮನೆಯ ಅಜ್ಜಿ ಮುನಿಶಾಮಮ್ಮ ಕನ್ನಡಕ್ಕೆ ತೆಲುಗು ಬೆರೆಸಿ ಮಾತಾಡುತ್ತಾರೆ. ನಿನ್ನೆ ತಮ್ಮ ಎಮ್ಮೆಯ ಕತೆ ಹೇಳಿದರು. "ನಮ್ ಎನುಮು ಹಗ್ಗ ತೆಂಚ್ಕೊಂಡು ಆಂಧ್ರಕ್ಕೇ ಓಡೋಯ್ತು ಕಣಮ್ಮ." ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಆದರೆ ರೆಕಾರ್ಡ್ ಮಾಡುವ ಮಿಷನ್ನಿನಲ್ಲಿ ಚಾರ್ಜ್ ಇರಲಿಲ್ಲ. ನಾಳೆ ಮತ್ತೆ ಹೇಳಿ ಎಂದೆ.

ರಾತ್ರಿ ಊಟಕ್ಕೆ ಕೂತಾಗ ನಾನು ಸುಮ್ಮನಿರಬೇಕಿತ್ತು. ವ್ಯಾಕರಣ ತಪ್ಪಿದ ಮಾತಿಗೆ ಇಂಗ್ಲಿಷಿನಲ್ಲಿ 'ಸಾಲೆಸಿಸಮ್' ಎನ್ನುತ್ತಾರೆ, ಅದು ಬಂದಿದ್ದು ಸೊಲೊಯ್ ಎಂಬ ಊರಿನಿಂದ ಎಂದು ಹೇಳಿದೆ. ಗ್ರೀಕರು ದೂರ ಹೋಗಿ ನೆಲೆಸಿದ ಊರದು. ಅಲ್ಲಿಯವರ ಭಾಷೆ ಕೆಟ್ಟಿದೆಯೆಂದು ಅಥೆನ್ಸಿನವರು ಆಡಿಕೊಂಡು ಆಡಿಕೊಂಡು, ಊರಿನ ಹೆಸರೇ ತಪ್ಪಿಗೆ ಹೆಸರಾಯಿತಂತೆ. ಅಜ್ಜಿಯ ಸೊಸೆ ಚಂದ್ರಕಲಾ ನಕ್ಕು, "ಅಂಗಾದ್ರೆ ನಮ್ಮತ್ತೆ ಆ ಊರೋರೇ" ಎಂದರು. ಅಜ್ಜಿ ನಗಲಿಲ್ಲ.

ಈ ಬೆಳಿಗ್ಗೆ ಮೈಕಿನ ಮುಂದೆ ನೆಟ್ಟಗೆ ಕೂತು, ವಾರ್ತೆ ಓದುವವರಂತೆ, "ನಮ್ಮ ಎಮ್ಮೆಯು ಹಗ್ಗವನ್ನು ಕಿತ್ತುಕೊಂಡು ಓಡಿಹೋಯಿತು" ಎಂದರು. ಅಷ್ಟಕ್ಕೇ ಕತೆ ಮುಗಿಯಿತು.

"ನಿನ್ನೆ ಹೇಳಿದ ಹಾಗೇ ಹೇಳಿ ಅಜ್ಜಿ" ಎಂದು ಬೇಡಿಕೊಂಡೆ.

"ಅದು ತಪ್ಪಂತಲ್ಲಮ್ಮ. ತಪ್ ಮಾತು ನಿಮ್ ಮಿಷನ್ನಿಗ್ಯಾಕೆ?"

ತಪ್ಪಲ್ಲ ಎಂದು ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ.

ಹಿಂದಿನ ಕಾಗದದಲ್ಲಿ ಬರೆದಿದ್ದ ಜ್ವರ ಬಿಟ್ಟಿದೆ, ಚಿಂತೆ ಬೇಡ. ಈಗ ಜಗುಲಿಯಲ್ಲಿ ಅಜ್ಜಿ ಪಕ್ಕದ ಮನೆಯವರ ಜೊತೆ ಎರಡೂ ಭಾಷೆ ಸೇರಿಸಿ ಜೋರಾಗಿ ಹರಟುತ್ತಿದ್ದಾರೆ. ನನ್ನನ್ನು ಕಂಡರೆ ನಿಲ್ಲಿಸಿಬಿಡುತ್ತಾರೆಂದು ಒಳಗೇ ಕೂತು ಇದನ್ನು ಬರೆಯುತ್ತಿದ್ದೇನೆ.

ನಿಮ್ಮ
ವಾರಿಜಾ